ರಮೋನಾಳ ಮನೆ ಎಲ್ಲಿದೆ?

ಚಾರಿತ್ರಿಕ ಪ್ರಣಯ ಕಾದಂಬರಿಯೊಂದನ್ನು ಓದಿ ಮುಗಿಸಿದ ವಾಚಕನ ಬಾಯಿಂದ ಮೊದಲು ಹೊರಡುವ ಪ್ರಶ್ನೆ ಯಾವುದು? ನನ್ನ ಅನುಭವದ ಮಟ್ಟಿಗೆ ಅದು ಒಂದೇ: ‘ಇದು ನಿಜವಾಗಿ ನಡೆದದ್ದೇ?’ ಅಧ್ಯಾಪಕ ವೃತ್ತಿಯಲ್ಲಿ ಕಳೆದ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಈ ಪ್ರಶ್ನೆ ಕೇಳದ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅದರ ಬೆನ್ನ ಹಿಂದೆಯೇ ಬರುವ ಎರಡನೆಯ ಪ್ರಶ್ನೆಯೊಂದಿದೆ. ನನಗೆ ಈಚೆಗೆ ಕಸಿವಿಸಿಯಾಗುವುದು ಅದನ್ನು ಕೇಳಿದಾಗ.

ಕಳೆದ ತಿಂಗಳು, ನಮ್ಮ ಮನೆಗೆ ಪುಸ್ತಕಕ್ಕಾಗಿ ಬಂದುಹೋಗುವ ಹುಡುಗನೊಬ್ಬ ಹೆಲೆನ್ ಹಂಟ್ ಜಾಕ್ಸನ್ ಬರೆದ ‘ರಮೋನಾ’ ಕಾದಂಬರಿಯನ್ನು ಹಿಂದಿರುಗಿಸಿದ. ಎರಡು ರಾತ್ರಿಗಳಲ್ಲಿ ಓದಿ ಮುಗಿಸಿದ್ದನಂತೆ. ಕಣ್ಣುಗಳಲ್ಲಿ ಇನ್ನೂ ಆ ಗುಂಗು ಇತ್ತು. “ಸಾರ್, ಇದು ನಿಜವಾಗಿ ನಡೆದದ್ದೇ?” ಎಂದ. “ಬಹುಮಟ್ಟಿಗೆ ನಡೆದದ್ದೇ” ಎಂದೆ. “ಹಾಗಾದರೆ ರಮೋನಾಳ ಮನೆ ಎಲ್ಲಿದೆ ಸಾರ್? ಈಗಲೂ ಇದೆಯೇ?”

“ಇದೆಯಪ್ಪ; ಒಂದಲ್ಲ, ಎರಡು ಮೂರು ಇವೆ” ಎಂದು ಹೇಳಿಬಿಟ್ಟೆ. ಅವನು ನಕ್ಕ. ನಾನು ನಗಲಿಲ್ಲ. ಏಕೆ ನಗಲಿಲ್ಲವೆಂಬುದನ್ನು ಅವನಿಗೆ ಅಂದು ಹೇಳಲು ಹೊತ್ತಿರಲಿಲ್ಲ.

ಪುಸ್ತಕವನ್ನು ಓದದವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ಅಮೆರಿಕದ ಪಶ್ಚಿಮ ತೀರದ ದಕ್ಷಿಣ ಕ್ಯಾಲಿಫೋರ್ನಿಯಾ. 1848ರಲ್ಲಿ ಮೆಕ್ಸಿಕೋದ ಕೈತಪ್ಪಿ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಸೇರಿದ ನಾಡು ಅದು. ಅಲ್ಲಿಯ ಹಳೆಯ ಸ್ಪ್ಯಾನಿಷ್ ಮನೆತನವೊಂದರಲ್ಲಿ ಸಾಕುಮಗಳಾಗಿ ಬೆಳೆದವಳು ರಮೋನಾ. ತಂದೆ ಸ್ಕಾಟ್ಲೆಂಡಿನವನು, ತಾಯಿ ಮೂಲನಿವಾಸಿ ಹೆಂಗಸು; ತಾನು ಯಾರ ಮಗಳೆಂಬುದು ಹುಡುಗಿಗೆ ತಿಳಿಯದು. ಕುರಿಯ ಉಣ್ಣೆ ಕತ್ತರಿಸಲು ಬಂದ ಮೂಲನಿವಾಸಿ ಯುವಕ ಅಲೆಸ್ಸಾಂದ್ರೋನನ್ನು ಆಕೆ ಪ್ರೀತಿಸುತ್ತಾಳೆ. ಮನೆಯ ಯಜಮಾನಿ ಒಪ್ಪುವುದಿಲ್ಲ. ಅಷ್ಟರಲ್ಲಿ ಅಲೆಸ್ಸಾಂದ್ರೋನ ಹಳ್ಳಿಯಾದ ಟೆಮೆಕ್ಯುಲಾವನ್ನು ಕಾನೂನಿನ ಹೆಸರಿನಲ್ಲಿ ಬಿಳಿಯರು ಕಿತ್ತುಕೊಂಡಿರುತ್ತಾರೆ. ಇಬ್ಬರೂ ಓಡಿಹೋಗಿ ಮದುವೆಯಾಗುತ್ತಾರೆ. ಒಂದು ಕಡೆ ಗುಡಿಸಲು ಕಟ್ಟಿ ಉಳುಮೆ ಹೂಡುವುದು, ಅಲ್ಲಿಂದ ಹೊರದೂಡಿಸಿಕೊಳ್ಳುವುದು, ಇನ್ನೊಂದು ಕಡೆಗೆ ಹೋಗುವುದು: ಹೀಗೆ ಬೆಟ್ಟ ಹತ್ತುತ್ತ ಹತ್ತುತ್ತ ಅಲೆಸ್ಸಾಂದ್ರೋನ ಬುದ್ಧಿ ಕದಡುತ್ತದೆ. ಒಂದು ದಿನ ಮೈಮೇಲೆ ಎಚ್ಚರವಿಲ್ಲದೆ ಪರರ ಕುದುರೆಯೇರಿ ಮನೆಗೆ ಬರುತ್ತಾನೆ. ಕುದುರೆಯ ಒಡೆಯ ಹಿಂಬಾಲಿಸಿ ಬಂದು ಹೆಂಡತಿಯ ಕಣ್ಣೆದುರಿಗೇ ಗುಂಡಿಟ್ಟು ಕೊಲ್ಲುತ್ತಾನೆ.

ಜಾಕ್ಸನ್ ಆ ನಾಡಿನವಳಲ್ಲ. ಪೂರ್ವ ತೀರದ ಮ್ಯಾಸಚುಸೆಟ್ಸಿನ ಆಮ್‌ಹರ್ಸ್ಟ್ ಊರಿನಲ್ಲಿ 1830ರಲ್ಲಿ ಹುಟ್ಟಿದವಳು. (ಕವಯಿತ್ರಿ ಎಮಿಲಿ ಡಿಕಿನ್‌ಸನ್ ಅದೇ ಊರಿನಲ್ಲಿ, ಅದೇ ವರ್ಷ ಹುಟ್ಟಿದ ಆಕೆಯ ಗೆಳತಿ. ಕವಿತೆಗಳನ್ನು ಪ್ರಕಟಿಸು ಎಂದು ಡಿಕಿನ್‌ಸನ್‌ಳನ್ನು ಒತ್ತಾಯಿಸಿದ ಕೆಲವೇ ಮಂದಿಯಲ್ಲಿ ಜಾಕ್ಸನ್ ಒಬ್ಬಳು. ಆ ಒಂದು ಕಾರಣಕ್ಕಾಗಿಯಾದರೂ ನಾವು ಆಕೆಯನ್ನು ನೆನೆಯಬೇಕು.) ಮೊದಲ ಮಗು ಹಸುಳೆಯಾಗಿದ್ದಾಗಲೇ 1854ರಲ್ಲಿ ತೀರಿಕೊಂಡಿತು. ಸೈನ್ಯದಲ್ಲಿ ಇಂಜಿನಿಯರಾಗಿದ್ದ ಗಂಡ 1863ರಲ್ಲಿ ಅಪಘಾತಕ್ಕೆ ಬಲಿಯಾದ. ಉಳಿದಿದ್ದ ಒಬ್ಬನೇ ಮಗ 1865ರಲ್ಲಿ ಒಂಬತ್ತನೆಯ ವಯಸ್ಸಿಗೆ ಗಂಟಲುಮಾರಿಯಿಂದ ಹೋದ. ಆಮೇಲೆಯೇ ಆಕೆ ಲೇಖನಿ ಹಿಡಿದದ್ದು. ಮರುಮದುವೆಯಾಗಿ ಕಾಲೊರಾಡೊದಲ್ಲಿ ನೆಲೆಸಿ, ಕವಿತೆ, ಪ್ರವಾಸಲೇಖನ, ಮಕ್ಕಳ ಕಥೆಗಳನ್ನು ಬರೆದು ಹೆಸರು ಗಳಿಸಿದಳು. ಚಳವಳಿಗಾರರನ್ನು ಕಂಡರೆ ಆಕೆಗೆ ಅಷ್ಟಕ್ಕಷ್ಟೆ.

1879ರಲ್ಲಿ ಬಾಸ್ಟನ್ ನಗರದ ಸಭೆಯೊಂದರಲ್ಲಿ ಪಾಂಕಾ ಬುಡಕಟ್ಟಿನ ನಾಯಕ ಸ್ಟ್ಯಾಂಡಿಂಗ್ ಬೇರ್ ಮಾತನಾಡಿದ. ಅವನ ಮಾತನ್ನು ಸುಸೆಟ್ ಲಾ ಫ್ಲೆಶ್ ಎಂಬ ತರುಣಿ ಇಂಗ್ಲಿಷಿಗೆ ತಿರುಗಿಸಿದಳು. ಸರ್ಕಾರ ಪಾಂಕಾ ಜನರನ್ನು ನೆಬ್ರಾಸ್ಕಾದ ಅವರ ಹೊಳೆಯಂಚಿನ ನೆಲದಿಂದ ಎಬ್ಬಿಸಿ ದೂರದ ದಕ್ಷಿಣಕ್ಕೆ ಅಟ್ಟಿತ್ತು. ಅಲ್ಲಿ ರೋಗಕ್ಕೆ ಸಿಕ್ಕಿ ಸತ್ತವರಲ್ಲಿ ನಾಯಕನ ಮಗನೂ ಒಬ್ಬ. ಮಗನ ಎಲುಬನ್ನು ಹಿರಿಯರ ನೆಲದಲ್ಲಿ ಹೂಳಬೇಕೆಂದು ತಂದೆ ಚಳಿಗಾಲದಲ್ಲಿ ಕಾಲ್ನಡಿಗೆ ಹಿಡಿದ. ಅನುಮತಿಯಿಲ್ಲದೆ ಹೊರಟನೆಂದು ಅವನನ್ನು ಸೆರೆಹಿಡಿದರು. ‘ಇಂಡಿಯನ್’ ಎನಿಸಿಕೊಂಡವನೂ ಕಾನೂನಿನ ದೃಷ್ಟಿಯಲ್ಲಿ ಒಬ್ಬ ‘ವ್ಯಕ್ತಿ’ಯೇ ಎಂದು ನ್ಯಾಯಾಧೀಶನೊಬ್ಬ ಅದೇ ವರ್ಷ ತೀರ್ಪು ಕೊಡಬೇಕಾಯಿತು. ಈ ಕಥೆಯನ್ನು ಕೇಳಿದ ದಿನದಿಂದ ಜಾಕ್ಸನ್ ಬೇರೆ ಹೆಂಗಸಾದಳು. ಒಂದೇ ವಿಷಯದ ಹುಚ್ಚು ಹತ್ತಿದ ಹೆಂಗಸರನ್ನು ಹಿಂದೆ ಹಾಸ್ಯ ಮಾಡುತ್ತಿದ್ದ ತಾನೇ ಈಗ ಅಂಥವಳಾಗಿದ್ದೇನೆಂದು ಗೆಳೆಯರಿಗೆ ಬರೆದುಕೊಂಡಳು. ಇಬ್ಬರು ಮಕ್ಕಳನ್ನು ಮಣ್ಣು ಮಾಡಿದ ತಾಯಿ, ಮಗನನ್ನು ಮಣ್ಣು ಮಾಡಲು ನೂರಾರು ಮೈಲಿ ನಡೆದ ತಂದೆಯ ಮಾತನ್ನು ಆಲಿಸಿದಳು. ಆ ಹುಚ್ಚಿನ ಬೇರು ಅಲ್ಲಿಯೇ ಇದೆಯೆಂಬುದು ನನ್ನ ಊಹೆ. ಆಕೆ ಎಲ್ಲಿಯೂ ಹಾಗೆಂದು ಹೇಳಿಕೊಂಡದ್ದನ್ನು ನಾನು ನೋಡಿಲ್ಲ. ಹೇಳಿಕೊಳ್ಳುವ ಸ್ವಭಾವವೂ ಆಕೆಯದಾಗಿರಲಿಲ್ಲ.

ಪುಸ್ತಕಭಂಡಾರದಲ್ಲಿ ಕುಳಿತು ಸರ್ಕಾರದ ಕಡತಗಳನ್ನು ತಡಕಿ, ಒಪ್ಪಂದಗಳನ್ನು ಮಾಡಿ ಮುರಿದ ನೂರು ವರ್ಷಗಳ ಚರಿತ್ರೆಯನ್ನು 1881ರಲ್ಲಿ ‘ಎ ಸೆಂಚುರಿ ಆಫ್ ಡಿಸಾನರ್’ ಎಂಬ ಹೆಸರಿನಲ್ಲಿ ಹೊರತಂದಳು. ಕಾಂಗ್ರೆಸ್ಸಿನ ಸದಸ್ಯರಿಗೆಲ್ಲ ಒಂದೊಂದು ಪ್ರತಿ ಕಳುಹಿಸಿದಳು. ಅದರಿಂದ ಕದಲಿದವರು ಕೆಲವರೇ. ಮುಂದೆ ಸರ್ಕಾರವೇ ಕ್ಯಾಲಿಫೋರ್ನಿಯಾದ ‘ಮಿಷನ್ ಇಂಡಿಯನ್’ ಜನರ ಸ್ಥಿತಿಗತಿಗಳನ್ನು ವಿಚಾರಿಸಿ ವರದಿ ಮಾಡಲು ಆಕೆಯನ್ನು ನೇಮಿಸಿತು. ಆಬಟ್ ಕಿನ್ನಿ ಎಂಬುವನು ಜೊತೆಗಿದ್ದ. 1883ರ ವಸಂತದಲ್ಲಿ ಇಬ್ಬರೂ ಬಂಡಿಯಲ್ಲಿ ಹಳ್ಳಿ ಹಳ್ಳಿ ಸುತ್ತಿದರು.

ಅವರು ಕಂಡದ್ದರ ಒಳಗುಟ್ಟು ತಿಳಿಯಬೇಕಾದರೆ ಒಂದು ಕಾನೂನನ್ನು ನೋಡಬೇಕು. ಮೆಕ್ಸಿಕೋದ ಕಾಲದಲ್ಲಿ ದತ್ತಿಯಾಗಿ ಬಂದ ಭೂಮಿಯ ಮೇಲೆ ಹಕ್ಕಿದೆಯೆನ್ನುವವರೆಲ್ಲ ಆಯೋಗದ ಮುಂದೆ ಎರಡು ವರ್ಷಗಳೊಳಗೆ ದಾಖಲೆ ಹಾಜರುಪಡಿಸಬೇಕೆಂದು 1851ರಲ್ಲಿ ಒಂದು ಶಾಸನವಾಯಿತು. ಹಾಜರುಪಡಿಸದವರ ಭೂಮಿ ಸರ್ಕಾರದ್ದು. ಮಾತು ಕೇಳಲು ನ್ಯಾಯವಾಗಿಯೇ ಇದೆ. ಆದರೆ ಇಂಗ್ಲಿಷ್ ತಿಳಿಯದ, ಆಯೋಗವೊಂದು ಇದೆಯೆಂಬುದನ್ನೇ ಅರಿಯದ ಹಳ್ಳಿಗರು ಯಾವ ಕಾಗದ ಹಾಜರುಪಡಿಸಬೇಕು? ತಲೆತಲಾಂತರದಿಂದ ಉತ್ತು ಬಿತ್ತಿದ್ದೇ ಅವರ ಪತ್ರ, ಹಿರಿಯರ ಗೋರಿಗಳೇ ಅವರ ಸಾಕ್ಷಿ. ಹೀಗೆ ಇಡೀ ಊರುಗಳು, ಊರವರಿಗೆ ತಿಳಿಯದಂತೆಯೇ, ಯಾರೋ ಒಬ್ಬ ದತ್ತಿದಾರನ ಎಲ್ಲೆಯೊಳಗೋ ಸರ್ಕಾರದ ಖರಾಬು ನೆಲದೊಳಗೋ ಸೇರಿಹೋದವು. ಟೆಮೆಕ್ಯುಲಾ ಅಂಥ ಊರು. ನ್ಯಾಯಾಲಯದ ತೀರ್ಪು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಯಿತು. 1875ರಲ್ಲಿ ಶೆರಿಫ್ ಬಂದು ಜನರನ್ನು ಮನೆಗಳಿಂದ ಹೊರಡಿಸಿ ಸಾಮಾನುಗಳನ್ನು ಬಂಡಿಗೆ ಹೇರಿಸಿದ. ಕಾದಂಬರಿಯಲ್ಲಿ ದಾವೆಯ ಖರ್ಚಿಗೆಂದು ಅವರ ದನಕರುಗಳನ್ನೂ ಹೊಡೆದುಕೊಂಡು ಹೋಗುತ್ತಾರೆ. ಆ ಭಾಗವನ್ನು ನಾನು ಮೊದಲು ಓದಿದಾಗ ಇದು ಕಾದಂಬರಿಕಾರ್ತಿಯ ಅತಿರೇಕವೆಂದುಕೊಂಡಿದ್ದೆ. ದಾವೆ ಸೋತವನ ಎತ್ತು ಖರ್ಚಿಗೆ ಹರಾಜಾಗುವುದನ್ನು ನಮ್ಮ ಊರುಗಳಲ್ಲಿ ಕಂಡವರು ಅದನ್ನು ಅತಿರೇಕವೆನ್ನಲಾರರು. ನಾನು ಆಗ ಊರು ಬಿಟ್ಟು ಬಹಳ ದಿನವಾಗಿತ್ತು.

ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಕವೀಯಾ ಬುಡಕಟ್ಟಿನ ಹುವಾನ್ ಡಿಯೇಗೋ ಎಂಬುವನು ಹಳ್ಳಿಗೆ ಕೆಲವು ಮೈಲಿ ದೂರದಲ್ಲಿ, ಬೆಟ್ಟದ ಮೇಲೆ, ಹೆಂಡತಿ ಮತ್ತು ಒಂದು ಕೂಸಿನೊಡನೆ ಇದ್ದ. ಅವನಿಗೆ ಆಗಾಗ ಚಿತ್ತಭ್ರಮೆ. ಯಾರಿಗೂ ಕೇಡು ಮಾಡಿದವನಲ್ಲ. ಸುತ್ತಿನವರಿಗೆಲ್ಲ ಅವನ ಸ್ಥಿತಿ ಗೊತ್ತಿತ್ತು. 1883ರ ಮಾರ್ಚಿಯಲ್ಲಿ ಉಣ್ಣೆ ಕತ್ತರಿಸುವ ಕೆಲಸಕ್ಕೆ ಹೋಗಿದ್ದವನು ಯಾರದೋ ಕುದುರೆ ಏರಿ ಮನೆಗೆ ಬಂದ. ‘ಇದು ಯಾರ ಕುದುರೆ?’ ಎಂದು ಹೆಂಡತಿ ಗಾಬರಿಯಾದಳು. ಅವನೂ ನೋಡಿದ, ತನ್ನ ಕುದುರೆ ಎಲ್ಲಿ ಹೋಯಿತೆಂದು ತಾನೇ ಬೆರಗಾದ. ಕಳವೆಂದುಕೊಳ್ಳುತ್ತಾರೆ, ಕೂಡಲೇ ಹಿಂದಕ್ಕೆ ಒಯ್ಯಿ ಎಂದಳು ಹೆಂಡತಿ. ಸ್ವಲ್ಪ ಮಲಗಿ ಎದ್ದು ಒಯ್ಯುತ್ತೇನೆಂದು ಮಲಗಿದ. ನಾಯಿ ಬೊಗಳಿದ ಸದ್ದಿಗೆ ಎದ್ದು ಹೊರಗೆ ಬಂದಾಗ ಕುದುರೆಯ ಒಡೆಯ ಸ್ಯಾಮ್ ಟೆಂಪಲ್ ಬಂದೂಕು ಹಿಡಿದು ನಿಂತಿದ್ದ. ಬಿದ್ದ ಮೇಲೂ ಗುಂಡು ಹಾರಿಸಿದ. ಅನಂತರ ತಾನಾಗಿಯೇ ಸ್ಯಾನ್ ಹಸಿಂಟೋ ಊರಿಗೆ ಹೋಗಿ, ಆ ಮನುಷ್ಯ ಚೂರಿ ಹಿಡಿದು ಮೇಲೆ ಬಿದ್ದನೆಂದೂ ಆತ್ಮರಕ್ಷಣೆಗಾಗಿ ಕೊಂದೆನೆಂದೂ ನ್ಯಾಯಾಧಿಕಾರಿಯ ಮುಂದೆ ಹೇಳಿದ. ಬಿಡುಗಡೆಯಾಯಿತು. ಜಾಕ್ಸನ್ ಆ ಸೀಮೆಗೆ ಬಂದದ್ದು ಇದಾದ ಕೆಲವೇ ವಾರಗಳ ಮೇಲೆ.

ವರದಿಯ ಶಿಫಾರಸುಗಳು ಕಾಂಗ್ರೆಸ್ಸಿನಲ್ಲಿ ತಡೆದು ನಿಂತವು. ಆಗ ಆಕೆ ಕಾದಂಬರಿಗೆ ಕೈಹಾಕಿದಳು. ಇಲ್ಲಿ ಕಾಣಬರುವ ವೇಗ ಬೆರಗು ಹುಟ್ಟಿಸುವಂಥದು. 1883ರ ಡಿಸೆಂಬರ್ ಒಂದರಂದು ನ್ಯೂಯಾರ್ಕಿನ ಹೋಟೆಲ್ ಕೋಣೆಯೊಂದರಲ್ಲಿ ಕುಳಿತು ಆರಂಭಿಸಿ ಮುಂದಿನ ಮಾರ್ಚಿಯಲ್ಲಿ ಮುಗಿಸಿದಳು. ಮೊದಲು ಇಟ್ಟುಕೊಂಡಿದ್ದ ಹೆಸರು ‘ಇನ್ ದಿ ನೇಮ್ ಆಫ್ ದಿ ಲಾ’. ಎಂದರೆ ‘ಕಾನೂನಿನ ಹೆಸರಿನಲ್ಲಿ’. ಆಮೇಲೆ ಅದು ‘ರಮೋನಾ’ ಆಯಿತು. ಈ ಒಂದು ಬದಲಾವಣೆಯನ್ನು ವಾಚಕರು ಗಮನಿಸಬೇಕೆಂದು ನನ್ನ ಕೋರಿಕೆ. ಮುಂದೆ ನಡೆದದ್ದೆಲ್ಲ ಅದರಲ್ಲಿ ಅಡಗಿದೆ.

‘ಅಂಕಲ್ ಟಾಮ್ಸ್ ಕ್ಯಾಬಿನ್’ ಕರಿಯ ಗುಲಾಮರಿಗೆ ಮಾಡಿದ ಉಪಕಾರದಲ್ಲಿ ಸಾವಿರದ ಒಂದು ಪಾಲನ್ನಾದರೂ ತನ್ನ ಕಥೆ ಮೂಲನಿವಾಸಿಗಳಿಗೆ ಮಾಡಬೇಕೆಂಬುದು ಆಕೆಯ ಹಂಬಲ. ನೇರವಾಗಿ ಹೇಳಿದರೆ ಯಾರೂ ಕೇಳಲಿಲ್ಲ. ಆದ್ದರಿಂದ ಗುಳಿಗೆಗೆ ಸಕ್ಕರೆ ಸವರಿದ್ದೇನೆಂದು ಆಕೆಯೇ ಹೇಳಿದ್ದಾಳೆ. ನಮ್ಮ ಅಜ್ಜಿಯರು ಕಷಾಯದ ಲೋಟದೊಡನೆ ಬೆಲ್ಲದ ಚೂರನ್ನು ತಂದಿಡುತ್ತಿದ್ದರಷ್ಟೆ. ಮಗು ಜಾಣನಾದರೆ ಬೆಲ್ಲವನ್ನು ಮೊದಲು ಬಾಯಿಗೆ ಹಾಕಿಕೊಂಡು ಕಷಾಯವನ್ನು ಹಿತ್ತಲಿಗೆ ಚೆಲ್ಲುತ್ತದೆ.

ಸಕ್ಕರೆ ಯಾವುದು? ರಮೋನಾಳ ಕಣ್ಣು ನೀಲಿ. ಆಕೆ ಅರ್ಧ ಸ್ಕಾಟಿಷ್, ಸ್ಪ್ಯಾನಿಷ್ ಸಂಸ್ಕಾರದಲ್ಲಿ ಬೆಳೆದವಳು. ಅಲೆಸ್ಸಾಂದ್ರೋ ಪಿಟೀಲು ನುಡಿಸುತ್ತಾನೆ, ದೇವರ ಪೂಜೆಯಲ್ಲಿ ಹಾಡುತ್ತಾನೆ. ಬಾಸ್ಟನ್ನಿನ ಓದುಗಿತ್ತಿ ತನ್ನವರೆಂದು ಒಪ್ಪಿ ಕಣ್ಣೀರು ಸುರಿಸಬಹುದಾದ ಜೋಡಿ. ಹುವಾನ್ ಡಿಯೇಗೋನನ್ನು ಇದ್ದಂತೆಯೇ ತಂದು ನಿಲ್ಲಿಸಿದ್ದರೆ ಆ ಕಣ್ಣೀರು ಬರುತ್ತಿತ್ತೇ ಎಂಬ ಅಳುಕು ಆಕೆಗಿದ್ದಿರಬೇಕು. ಹಳೆಯ ಸ್ಪ್ಯಾನಿಷ್ ಮನೆಗೂ ಪಾದ್ರಿಗಳ ಮಠಗಳಿಗೂ ಆಕೆ ಹಚ್ಚಿದ ಹೊಂಬಣ್ಣವೂ ಇದೇ ಜಾತಿಯದು. ಆ ಮಠಗಳಲ್ಲಿ ಮೂಲನಿವಾಸಿಗಳು ಚಾವಟಿಯ ಏಟು ತಿಂದದ್ದೂ ರೋಗಕ್ಕೆ ಸಾಲುಸಾಲಾಗಿ ಮಡಿದದ್ದೂ ಪುಸ್ತಕದಲ್ಲಿ ಮಸುಕಾಗಿಬಿಟ್ಟಿವೆ. ಕೊನೆಯಲ್ಲಿ ವಿಧವೆಯಾದ ರಮೋನಾಳನ್ನು ಸಾಕುಮನೆಯ ಮಗ ಫೆಲಿಪೆ ಹುಡುಕಿ ತಂದು, ಮದುವೆಯಾಗಿ, ಆಕೆಯ ಕೂಸಿನೊಡನೆ ಮೆಕ್ಸಿಕೋಗೆ ಕರೆದೊಯ್ಯುತ್ತಾನೆ. ಮಂಗಳಂ.

ಆದರೆ ಆಕೆಯ ಕೈವಾಡದಲ್ಲಿ ಒಂದು ಕಡೆ ನಾನು ತಲೆಬಾಗುತ್ತೇನೆ. ಹುವಾನ್ ಡಿಯೇಗೋನ ಭ್ರಮೆಗೆ ವರದಿ ಕಾರಣ ಹೇಳುವುದಿಲ್ಲ. ಅದು ಅವನಿಗಿದ್ದ ಕಾಯಿಲೆ, ಅಷ್ಟೆ. ಕಾದಂಬರಿ ಕಾರಣ ಕೊಡುತ್ತದೆ. ಟೆಮೆಕ್ಯುಲಾದಲ್ಲಿ ಊರು ಕಳೆದುಕೊಂಡವನು ಒಬ್ಬ. ಬೆಟ್ಟದ ಮೇಲೆ ಗುಂಡಿಗೆ ಬಿದ್ದವನು ಇನ್ನೊಬ್ಬ. ಇಬ್ಬರನ್ನೂ ಒಂದೇ ಮೈಯಲ್ಲಿ ಸೇರಿಸಿ, ಮೊದಲನೆಯದರಿಂದಲೇ ಎರಡನೆಯದು ಬಂತೆಂದು ತೋರಿಸಿದಳು. ಮನೆಯನ್ನು ಮತ್ತೆ ಮತ್ತೆ ಕಿತ್ತುಕೊಂಡರೆ ಮನುಷ್ಯನ ಬುದ್ಧಿ ಎಲ್ಲಿ ನಿಂತೀತು? ಕಡತದಲ್ಲಿ ಇಲ್ಲದ ಈ ಸಂಬಂಧ ಸುಳ್ಳಲ್ಲ. ನಿಜ ಜೀವನದಿಂದ ಪ್ರೇರಣೆ ಪಡೆಯುವುದೆಂದರೆ ಇದು. ಇದ್ದ ಮನೆಯ ಕಿಟಕಿ ಬಾಗಿಲುಗಳನ್ನು ಎಣಿಸಿ ಬರೆಯುವುದಲ್ಲ.

ಮನೆಯ ಮಾತು ಬಂತು. ಕಾದಂಬರಿಯ ಸ್ಪ್ಯಾನಿಷ್ ಮನೆಗೆ ಮಾದರಿ ವೆಂಚುರಾ ಪ್ರಾಂತದ ಕಮುಲೋಸ್ ಎಂಬ ತೋಟದ ಮನೆ. 1882ರ ಜನವರಿಯಲ್ಲಿ ಒಂದು ದಿನ ಜಾಕ್ಸನ್ ಅಲ್ಲಿಗೆ ಹೋಗಿದ್ದಳು. ಮನೆಯ ಯಜಮಾನಿ ಅಂದು ಊರಿನಲ್ಲಿರಲಿಲ್ಲ. ಅತಿಥಿ ಇದ್ದದ್ದು ಒಂದೆರಡು ಗಂಟೆ. ಅಂಗಳ, ಪ್ರಾರ್ಥನೆಯ ಪುಟ್ಟ ಗುಡಿ, ಜಗಲಿ, ಕಿತ್ತಳೆಯ ಮರಗಳನ್ನು ನೋಡಿಕೊಂಡು ಬಂದಳು. ಟೆಮೆಕ್ಯುಲಾ, ಸೊಬೋಬಾ, ಕವೀಯಾ ಹಳ್ಳಿಗಳಲ್ಲಿ ವಾರಗಟ್ಟಲೆ ಅಲೆದವಳು, ಈ ಮನೆಯಲ್ಲಿ ಕಳೆದದ್ದು ಒಂದೆರಡು ಗಂಟೆ. ಓದುಗರು ಹುಡುಕಿಕೊಂಡು ಹೊರಟದ್ದು ಯಾವುದನ್ನು? ಈ ಮನೆಯನ್ನು. 1887ರಲ್ಲಿ ರೈಲು ಬಂತು, ಕಮುಲೋಸಿನಲ್ಲೇ ನಿಲ್ದಾಣವಾಯಿತು. ಪ್ರವಾಸಿಗರು ಇಳಿದು ಅಂಗಳದ ಹೂ ಕಿತ್ತುಕೊಂಡು ಹೋದರು. ದಕ್ಷಿಣದ ಸ್ಯಾನ್ ಡಿಯಾಗೋ ನಗರದಲ್ಲಿ ಎಸ್ತುದಿಯೋ ಎಂಬ ಮನೆತನದ ಹಳೆಯ ಮನೆಯೊಂದನ್ನು 1910ರಲ್ಲಿ ದುರಸ್ತಿ ಮಾಡಿ ‘ರಮೋನಾಳ ಮದುವೆಯಾದ ಸ್ಥಳ’ವೆಂದು ಫಲಕ ಹಾಕಿದರು. ಕಥೆಯಲ್ಲಿ ಹುಟ್ಟಿದವಳಿಗೆ ಮದುವೆಯ ಸ್ಥಳ! ಅದೇ ಜಿಲ್ಲೆಯ ಒಂದು ಊರಿಗೆ ರಮೋನಾ ಎಂದೇ ಹೆಸರು. 1910ರಿಂದ 1936ರೊಳಗೆ ನಾಲ್ಕು ಚಲನಚಿತ್ರಗಳಾದವು. ಮೊದಲನೆಯದನ್ನು ಗ್ರಿಫಿತ್ ಕಮುಲೋಸಿನಲ್ಲಿಯೇ ಚಿತ್ರಿಸಿದ. ಹೆಮೆಟ್ ಊರಿನ ಬೆಟ್ಟದ ತಪ್ಪಲಲ್ಲಿ 1923ರಿಂದ ಬಯಲುನಾಟಕವಾಯಿತು.

ಪುಸ್ತಕ ಬಂದ ಕೆಲವೇ ತಿಂಗಳಿಗೆ ಜಾಕ್ಸನ್‌ಗೆ ಇದರ ಸುಳಿವು ಹತ್ತಿತ್ತು. ಪ್ರೇಮಿಗಳ ಪಲಾಯನದ ಸೊಗಸನ್ನು ಎಲ್ಲರೂ ಹೊಗಳುತ್ತಾರೆ, ಟೆಮೆಕ್ಯುಲಾದ ಜನರನ್ನು ಒಕ್ಕಲೆಬ್ಬಿಸಿದ್ದನ್ನು ಯಾರೂ ಎತ್ತುವುದಿಲ್ಲ, ಕೇಳಿ ಕೇಳಿ ಸಾಕಾಗಿದೆ ಎಂದು ಪತ್ರವೊಂದರಲ್ಲಿ ಕನಲಿದ್ದಾಳೆ. 1885ರ ಆಗಸ್ಟಿನಲ್ಲಿ ಸಾಯುವ ನಾಲ್ಕು ದಿನ ಮುಂಚೆ ಅಧ್ಯಕ್ಷ ಕ್ಲೀವ್‌ಲೆಂಡನಿಗೆ ಬರೆದ ಪತ್ರದಲ್ಲಿ ಆಕೆ ಓದಿರೆಂದು ಬೇಡಿಕೊಂಡದ್ದು ‘ರಮೋನಾ’ವನ್ನಲ್ಲ, ‘ಎ ಸೆಂಚುರಿ ಆಫ್ ಡಿಸಾನರ್’ ಅನ್ನು.

ಇನ್ನು ಹುವಾನ್ ಡಿಯೇಗೋನ ಹೆಂಡತಿ. ಆಕೆಯ ಹೆಸರು ರಮೋನಾ ಲೂಬೋ. ಹೆಸರು ಒಂದೇ ಆದದ್ದು ಆಕೆಯ ಪಾಲಿಗೆ ಎರಡನೆಯ ವಿಪತ್ತಾಯಿತು. ‘ನಿಜವಾದ ರಮೋನಾ’ ಸಿಕ್ಕಳೆಂದು ಜನ ಬೆಟ್ಟ ಹತ್ತಿ ಬಂದರು. ಗಂಡನ ಗೋರಿಯ ಪಕ್ಕದಲ್ಲಿ ನಿಲ್ಲಿಸಿ ಛಾಯಾಚಿತ್ರ ತೆಗೆದರು. ಆಕೆಯ ಕಣ್ಣು ನೀಲಿಯಲ್ಲ. ಆಕೆ ಬುಟ್ಟಿ ಹೆಣೆದು ಬದುಕುತ್ತಿದ್ದ ಕವೀಯಾ ಹೆಂಗಸು. ನೋಡಲು ಬಂದ ಕೆಲವರಿಗೆ ನಿರಾಶೆಯಾಯಿತಂತೆ. ಯಾವ ಫೆಲಿಪೆಯೂ ಬಂದು ಆಕೆಯನ್ನು ಮೆಕ್ಸಿಕೋಗೆ ಕರೆದೊಯ್ಯಲಿಲ್ಲ. 1922ರಲ್ಲಿ ಅಲ್ಲಿಯೇ ತೀರಿಕೊಂಡಳು. ಬಯಲುನಾಟಕ ಆರಂಭವಾದದ್ದು ಮರುವರ್ಷ.

ಇದಕ್ಕಿಂತಲೂ ನನ್ನನ್ನು ಕೊರೆಯುವ ಸಂಗತಿ ಇನ್ನೊಂದು. ಜಾಕ್ಸನ್ ತನ್ನ ವರದಿಯಲ್ಲಿ ಎಚ್ಚರಿಸಿದ್ದ ಊರುಗಳಲ್ಲಿ ವಾರ್ನರ್ ರಾಂಚಿನ ಬಿಸಿನೀರಿನ ಬುಗ್ಗೆಯ ಬಳಿಯ ಕೂಪಾ ಒಂದು. 1851ರ ಅದೇ ಶಾಸನವನ್ನು ಹಿಡಿದು, ಗಡುವಿನೊಳಗೆ ಹಕ್ಕು ಮಂಡಿಸಲಿಲ್ಲವಾಗಿ ಊರವರಿಗೆ ಹಕ್ಕಿಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1901ರಲ್ಲಿ ತೀರ್ಪಿತ್ತಿತು. 1903ರ ಮೇ ತಿಂಗಳಲ್ಲಿ ಆ ಜನರನ್ನು ಬಂಡಿಗಳಲ್ಲಿ ಪಾಲಾ ಎಂಬ ಕಡೆಗೆ ಸಾಗಿಸಿದರು. ಹಿರಿಯರ ಗೋರಿಗಳು ಹಿಂದೆ ಉಳಿದವು. ಎರಡನೆಯ ಟೆಮೆಕ್ಯುಲಾ! ‘ರಮೋನಾ’ ಪ್ರಕಟವಾಗಿ ಹತ್ತೊಂಬತ್ತು ವರ್ಷಗಳಾಗಿದ್ದವು. ಆ ನಾಡಿನಲ್ಲಿ ಅಕ್ಷರ ಬಲ್ಲ ಮನೆಗಳಲ್ಲೆಲ್ಲ ಪುಸ್ತಕವಿತ್ತು. ಕಮುಲೋಸಿಗೆ ರೈಲು ತುಂಬ ಪ್ರವಾಸಿಗರು ಹೋಗುತ್ತಿದ್ದ ಕಾಲವದು. ನ್ಯಾಯದ ಮಾತು ಬಂದಿದೆಯಾದ್ದರಿಂದ ಇದನ್ನೂ ಹೇಳಬೇಕು: ಕಮುಲೋಸನ್ನು ರಮೋನಾಳ ಮನೆಯೆಂದು ಛಾಯಾಚಿತ್ರಗಳ ಕಿರುಪುಸ್ತಕ ತಂದು ಮೆರೆಸಿದ ಚಾರ್ಲ್ಸ್ ಲಮ್ಮಿಸ್ ಎಂಬ ಪತ್ರಕರ್ತನೇ ಕೂಪಾದವರಿಗೆ ಒಳ್ಳೆಯ ನೆಲ ಸಿಗಲೆಂದು ಓಡಾಡಿದವರ ಮುಂದಾಳು. ಮನುಷ್ಯನ ಮನಸ್ಸು ಒಂದೇ ಕೋಣೆಯ ಮನೆಯಲ್ಲ.

ಹಾಗಾದರೆ ಆ ಪ್ರಣಯವನ್ನು ಬರೆದದ್ದೇ ತಪ್ಪೆ? ನನ್ನ ಕೆಲವು ಮಿತ್ರರು ತಪ್ಪೆಂದೇ ಸಾಧಿಸುತ್ತಾರೆ. ದುಃಖಿತರ ಬದುಕನ್ನು ಪ್ರೇಮಕಥೆಯ ಒಗ್ಗರಣೆಗೆ ಬಳಸುವುದು ಅಪಚಾರ ಎನ್ನುತ್ತಾರೆ. ಅವರು ‘ಚೋಮನ ದುಡಿ’ಯನ್ನು ಎತ್ತಿ ತೋರಿಸುತ್ತಾರೆ. 1933ರಲ್ಲಿ ಕಾರಂತರು ನೆಲದ ಹಂಬಲವೊಂದನ್ನೇ ಹಿಡಿದು ಬರೆದರು, ಬೆಲ್ಲ ಕೊಡಲಿಲ್ಲ, ಚೋಮನ ಗುಡಿಸಲು ಎಲ್ಲಿತ್ತೆಂದು ಪ್ರವಾಸ ಹೊರಟವರನ್ನು ನಾನಂತೂ ಕೇಳಿಲ್ಲ. ಮಾತು ಸರಿ. ಆದರೆ ಜಾಕ್ಸನ್ ಬೆಲ್ಲವಿಲ್ಲದ ಕಷಾಯವನ್ನು ಮೊದಲೇ ಕೊಟ್ಟು ನೋಡಿದ್ದಳೆಂಬುದನ್ನು ಈ ಮಿತ್ರರು ಮರೆಯುತ್ತಾರೆ. ಕಾದಂಬರಿಯ ಫಲ ಶೂನ್ಯವೂ ಅಲ್ಲ. ಆಕೆ ವಕೀಲರನ್ನು ಹಿಡಿದು ನೆರವಾಗಿದ್ದ ಸೊಬೋಬಾ ಹಳ್ಳಿಯ ಪರವಾಗಿ ಕ್ಯಾಲಿಫೋರ್ನಿಯಾದ ಉಚ್ಚ ನ್ಯಾಯಪೀಠ 1888ರಲ್ಲಿ ತೀರ್ಪು ಕೊಟ್ಟಿತು, ಹಳ್ಳಿ ಉಳಿಯಿತು. 1891ರಲ್ಲಿ ಮಿಷನ್ ಇಂಡಿಯನ್ ಜನರಿಗೆ ನೆಲ ಕಾದಿರಿಸುವ ಶಾಸನವಾಯಿತು. ಕ್ಯೂಬಾದ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಹೊಸೆ ಮಾರ್ತಿ ಸ್ವತಃ ಇದನ್ನು ಸ್ಪ್ಯಾನಿಷಿಗೆ ಅನುವಾದಿಸಿದ. ಅಂಥವನಿಗೆ ಬೆಲ್ಲದ ಚಪಲವಿತ್ತೆಂದು ಯಾರೂ ಹೇಳಲಾರರು.

ಅದೇ ಪಶ್ಚಿಮದ ಇನ್ನೊಂದು ಪ್ರಸಿದ್ಧ ಪ್ರಣಯ ಕಾದಂಬರಿ ಓವನ್ ವಿಸ್ಟರನ ‘ದಿ ವರ್ಜಿನಿಯನ್’. ಅವನೂ 1885ರಿಂದ ವಯೋಮಿಂಗಿಗೆ ಹೋಗಿ ಬಂದು, ದಿನಚರಿ ಬರೆದು, ಕಣ್ಣಾರೆ ಕಂಡದ್ದನ್ನೇ ಬಳಸಿದವನು. 1892ರಲ್ಲಿ ಅಲ್ಲಿ ದೊಡ್ಡ ದನಗಾರರು ಕೂಲಿ ಬಂದೂಕಿನವರನ್ನು ಕರೆಸಿ ಸಣ್ಣ ಒಕ್ಕಲುಗಳ ಮೇಲೆ ಬಿದ್ದರು. ಆ ಕಲಹದ ನೆರಳು ಪುಸ್ತಕದಲ್ಲಿದೆ. ಲೇಖಕನ ಒಲವು ದೊಡ್ಡವರ ಕಡೆಗೆ. ಪ್ರೇರಣೆ ನಿಜ ಜೀವನದ್ದೇ. ಆದ್ದರಿಂದ ‘ನಿಜವಾಗಿ ನಡೆದದ್ದು’ ಎಂಬ ಮಾತಿಗೆ ಅಷ್ಟಕ್ಕೇ ಬೆಲೆ ಕಟ್ಟಲಾಗದು. ಯಾರಿಗೆ ನಡೆದದ್ದು, ಬರೆದವನು ಆಗ ಎಲ್ಲಿ ನಿಂತಿದ್ದ ಎಂದು ಕೇಳಬೇಕಾಗುತ್ತದೆ.

ಈ ವಿಷಯದಲ್ಲಿ ನಾನು ಇಷ್ಟು ಬಿಸಿಯಾಗಲು ಬೇರೆಯೇ ಕಾರಣವುಂಟು. ಅದನ್ನು ಮುಚ್ಚಿಟ್ಟು ಜಾಕ್ಸನ್‌ಳ ಗುಣದೋಷ ತೂಗುವುದು ಸರಿಯಲ್ಲ.

ಇಪ್ಪತ್ತೈದರ ಹರೆಯದಲ್ಲಿ ನಾನೊಂದು ಕಥೆ ಬರೆದಿದ್ದೆ. ನಮ್ಮ ಬೀದಿಯಲ್ಲಿ ಮುತ್ತುಗದ ಎಲೆ ಹಚ್ಚಿ ಮಾರುತ್ತಿದ್ದ ಮುದುಕಿಯೊಬ್ಬಳೇ ಅದಕ್ಕೆ ಪ್ರೇರಣೆ. ಆಕೆಯ ಬೆರಳುಗಳು ಕಡ್ಡಿ ಚುಚ್ಚುವುದನ್ನು ನೋಡುತ್ತ ನಾನು ಬೆಳೆದವನು. ಕಥೆಯನ್ನು ನೂರು ವರ್ಷ ಹಿಂದಕ್ಕೆ ದೂಡಿ, ಪಾಳೆಯಗಾರರ ಕಾಲಕ್ಕೆ ಒಯ್ದು, ಆಕೆಗೆ ಯೌವನವನ್ನೂ ದಂಡಿಗೆ ಹೋಗಿ ಮರಳಿ ಬಾರದ ಪ್ರಿಯನೊಬ್ಬನನ್ನೂ ಕೊಟ್ಟೆ. ಕಥೆ ಅಚ್ಚಾಯಿತು, ಬಹುಮಾನವೂ ಬಂತು. ಅದರಲ್ಲಿ ಆಕೆ ಅಳುವ ಸನ್ನಿವೇಶವನ್ನು ಇಂದಿಗೂ ಕೆಲವರು ಹೊಗಳುವುದುಂಟು.

ಬಹಳ ವರ್ಷಗಳ ಮೇಲೆ ಆಕೆಯ ಮೊಮ್ಮಗಳು ನನ್ನ ತರಗತಿಯಲ್ಲಿಯೇ ವಿದ್ಯಾರ್ಥಿನಿಯಾಗಿ ಬಂದಳು. ಕಥೆಯನ್ನು ಅವಳು ಓದಿದ್ದಳು. ಒಂದು ಸಂಜೆ ಎಲ್ಲರೂ ಹೋದ ಮೇಲೆ ನಿಂತು, ತುಂಬ ಮರ್ಯಾದೆಯಿಂದಲೇ ಕೇಳಿದಳು: “ಸಾರ್, ಅದು ನಮ್ಮಜ್ಜಿಯೇ ಅಲ್ಲವೆ?” ಹೌದೆಂದೆ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿರಬೇಕು. “ಅಜ್ಜಿ ಅತ್ತದ್ದನ್ನು ನಾನು ನೋಡಿಲ್ಲ ಸಾರ್. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಎರಡು ಎಕರೆ ಬರೆಸಿಕೊಂಡಿದ್ದರು. ಅದಕ್ಕಾಗಿ ಹನ್ನೊಂದು ವರ್ಷ ಕೋರ್ಟಿಗೆ ನಡೆದಳು. ವಾಯಿದೆಗೆ ಹೋಗುವಾಗಲೂ ಎಲೆಯ ಕಟ್ಟು ತಲೆಯ ಮೇಲಿರುತ್ತಿತ್ತು. ಅದು ನಿಮ್ಮ ಕಥೆಯಲ್ಲಿ ಬರಲಿಲ್ಲ.”

ಅದು ನನಗೆ ಗೊತ್ತಿರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಗೊತ್ತಿತ್ತು. ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಆ ಎರಡು ಎಕರೆಯನ್ನು ಬರೆಸಿಕೊಂಡವರ ಮನೆಯಲ್ಲಿ ನಾವು ಹಬ್ಬಕ್ಕೆ ಊಟಕ್ಕೆ ಹೋಗುತ್ತಿದ್ದೆವು. ಕಥೆಗೆ ಅದು ‘ಹೊಂದುವುದಿಲ್ಲ’ವೆಂದು ನನಗೆ ತೋರಿತ್ತು. ಪಾಳೆಯಗಾರರ ಕಾಲ ಹೊಂದಿತು, ಬಾರದ ಪ್ರಿಯ ಹೊಂದಿದ, ಹೆಬ್ಬೆಟ್ಟು ಹೊಂದಲಿಲ್ಲ!

ಜಾಕ್ಸನ್ ಕಾನೂನನ್ನು ಪುಸ್ತಕದೊಳಗೆ ಇಟ್ಟಳು. ಓದುಗರು ಅದನ್ನು ಬಿಟ್ಟು ಮನೆ ಹುಡುಕಿಕೊಂಡು ಹೋದರು. ನಾನು ನನ್ನ ಓದುಗರಿಗೆ ಆ ಶ್ರಮವನ್ನೂ ಕೊಡಲಿಲ್ಲ. ಆಕೆಯ ಸಕ್ಕರೆಯನ್ನು ಆಡಿಕೊಳ್ಳುವವರ ಸಾಲಿನಲ್ಲಿ ನಿಲ್ಲಲು ನನಗೆ ಯೋಗ್ಯತೆಯಿಲ್ಲವೆಂದು ನಾನು ತಿಳಿದಿರುವುದು ಈ ಕಾರಣದಿಂದ. ಚಾರಿತ್ರಿಕ ಪ್ರಣಯ ಬರೆಯಹೊರಟ ನಮ್ಮ ತರುಣರು ‘ಪ್ರೇರಣೆ’ ಎಂಬ ಪದವನ್ನು ಧಾರಾಳವಾಗಿ ಬಳಸುತ್ತಾರೆ. ಸಂದರ್ಶನಗಳಲ್ಲಿ ಅದನ್ನು ಹೇಳುವಾಗ ಅವರ ಮುಖ ಅರಳುತ್ತದೆ. ನನಗೆ ಆ ಪದಕ್ಕಿಂತ ‘ಕಡ’ ಎಂಬ ಹಳೆಯ ಪದ ಹತ್ತಿರವಾಗಿ ಕಾಣುತ್ತದೆ. ಕಡ ತಂದದ್ದನ್ನು ಯಾರಿಂದ ತಂದೆವೆಂಬುದಾದರೂ ನೆನಪಿರುತ್ತದೆ.

ಹುಡುಗ ಮುಂದಿನ ವಾರ ಮತ್ತೆ ಬಂದ. ಈ ಸಲ ಅವನ ಕೈಗೆ ಕಾದಂಬರಿ ಕೊಡಲಿಲ್ಲ. ಜಾಕ್ಸನ್ ಮತ್ತು ಕಿನ್ನಿಯರ ವರದಿಯಲ್ಲಿ ಹುವಾನ್ ಡಿಯೇಗೋನ ಕೊಲೆಯ ವಿಷಯವಿರುವ ಪುಟಗಳ ಪ್ರತಿಯನ್ನು ತೆಗೆದಿಟ್ಟಿದ್ದೆ, ಅದನ್ನು ಕೊಟ್ಟೆ. ಜಗಲಿಯ ಮೇಲೆಯೇ ಕುಳಿತು ಓದಿದ. ಓದಲು ಹತ್ತು ನಿಮಿಷವೂ ಬೇಡ. ಆದರೆ ಅವನು ಎರಡನೆಯ ಸಲ ಓದುತ್ತಿದ್ದನೆಂದು ತೋರುತ್ತದೆ. ಒಳಗಿನಿಂದ ಕಾಫಿ ಬಂದು ಆರಿಹೋಯಿತು.

ಕೊನೆಗೆ ಹಾಳೆಗಳನ್ನು ಮಡಿಸಿ ಹಿಂದಕ್ಕೆ ಕೊಡುತ್ತ ಕೇಳಿದ:

“ಸಾರ್, ಆ ಕೂಸು ಏನಾಯಿತು?”